ಮೈತ್ರಿಕೂಟವೂ ಮೈತ್ರಿಯೂ

2001ರ ಸೆಪ್ಟೆಂಬರ್ 11ರಂದು ನಿಮ್ಮಲ್ಲಿ ಬಹಳ ಜನ ಇನ್ನೂ ಹುಟ್ಟಿರಲಿಲ್ಲ. ಅವತ್ತು ಅಮೆರಿಕದಲ್ಲಿ ನಾಲ್ಕು ವಿಮಾನಗಳನ್ನು ಅಪಹರಿಸಿ 2,977 ಜನರನ್ನು ಕೊಂದರು. ಸತ್ತೋರೆಲ್ಲ ಸಾಹುಕಾರರು, ನಮಗೇನು ಅಂತ ನಮ್ಮ ನಡುವೆಯೂ ಕೆಲವರು ಮಾತಾಡ್ತಾರೆ. ಅದು ಸುಳ್ಳು. ನ್ಯೂಯಾರ್ಕಿನ ಉತ್ತರ ಗೋಪುರದ ತುದಿಯಲ್ಲಿ ಒಂದು ದೊಡ್ಡ ಹೋಟೆಲಿತ್ತು. ಅಡುಗೆ ಮಾಡೋರು, ಬಡಿಸೋರು, ಪಾತ್ರೆ ತೊಳೆಯೋರು ಅಂತ ಅಲ್ಲಿನ 70ಕ್ಕೂ ಹೆಚ್ಚು ಕೆಲಸಗಾರರು ಸತ್ತರು. ಬಹಳ ಜನ ಹೊಟ್ಟೆಪಾಡಿಗೆ ಬೇರೆ ದೇಶಗಳಿಂದ ಹೋದವರು. ಬೆಂಕಿ ಆರಿಸಲು, ಜನರನ್ನು ಉಳಿಸಲು ಹೋದ 343 ಜನ ನೌಕರರು ವಾಪಸ್ಸು ಬರಲೇ ಇಲ್ಲ. ಈ ಕೊಲೆಗೆ ನಮ್ಮ ಹತ್ತಿರ ಯಾವ ಸಮಜಾಯಿಷಿಯೂ ಇಲ್ಲ. ಕೊಲೆ ಕೊಲೆಯೇ.

ಮಾರನೇ ದಿನವೇ, ಸೆಪ್ಟೆಂಬರ್ 12ರಂದು, ನೇಟೋ ಮೈತ್ರಿಕೂಟದ 19 ದೇಶಗಳು ತಮ್ಮ 1949ರ ಒಪ್ಪಂದದ ಐದನೇ ಕಲಮನ್ನು ಮೊಟ್ಟಮೊದಲ ಸಲ ಹೊರಗೆ ತೆಗೆದವು. ಒಬ್ಬರ ಮೇಲೆ ಬಿದ್ದ ಏಟು ಎಲ್ಲರ ಮೇಲೆ ಬಿದ್ದ ಏಟು ಅನ್ನುವುದೇ ಆ ಕಲಮಿನ ತಿರುಳು. ಯೂರೋಪಿನ ರಾಡಾರ್ ವಿಮಾನಗಳು ಹೋಗಿ ಅಮೆರಿಕದ ಆಕಾಶ ಕಾದವು. ಪ್ಯಾರಿಸ್ಸಿನ ದೊಡ್ಡ ಪತ್ರಿಕೆಯೊಂದು ನಾವೆಲ್ಲ ಅಮೆರಿಕನ್ನರೇ ಅಂತ ಬರೆಯಿತು.

ಒಳ್ಳೆಯ ಮಾತು. ಸಂಘಟನೆ ಅಂದ್ರೆ ನಾವು ಹೇಳೋದೂ ಇದನ್ನೇ ಅಲ್ವಾ? ಆದರೆ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ‘ಎಲ್ಲರು’ ಅಂದ್ರೆ ಯಾರು?

ಅದಕ್ಕೆ ಮೂರೇ ದಿನ ಮೊದಲು, ಸೆಪ್ಟೆಂಬರ್ 8ರಂದು, ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನ ಮುಗಿದಿತ್ತು. ನಮ್ಮ ದೇಶದ ದಲಿತ ಹೋರಾಟಗಾರರು ಅಲ್ಲಿಗೆ ಹೋಗಿ, ಜಾತಿಯ ಕ್ರೌರ್ಯವನ್ನೂ ಲೋಕ ನೋಡಬೇಕು ಅಂತ ಕೇಳಿದ್ದರು. ಭಾರತ ಸರ್ಕಾರ ಅದು ನಮ್ಮ ಮನೆಯೊಳಗಿನ ವಿಷಯ ಅಂತು. ಅಮೆರಿಕ ಸಮ್ಮೇಳನವನ್ನೇ ಅರ್ಧಕ್ಕೆ ಬಿಟ್ಟು ಎದ್ದು ಹೋಗಿತ್ತು. ಕಸುಬು ಮತ್ತು ಹುಟ್ಟಿನ ಕಾರಣಕ್ಕೆ ನಡೆಯುವ ಭೇದದ ಮಾತು ಕೊನೆಯ ಘೋಷಣೆಯಲ್ಲಿ ಉಳಿಯಲಿಲ್ಲ. ಗೋಪುರಗಳು ಉರುಳಿದ ಮೇಲೆ ಅದೇ ಭಾರತ ಸರ್ಕಾರ ಅಮೆರಿಕಕ್ಕೆ ಪೂರ್ಣ ಸಹಕಾರ ಕೊಡ್ತೀವಿ ಅಂತ ತಾನಾಗೇ ಮುಂದೆ ಬಂತು. ಹೊರಗಿನ ಸಾವಿಗೆ ಗಡಿಯೇ ಇಲ್ಲ, ನಮ್ಮ ಕೇರಿಯ ಸಾವಿಗೆ ಮಾತ್ರ ಗಡಿ!

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಮನೆಯೊಳಗೇ ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಅದನ್ನು ಭಯೋತ್ಪಾದನೆ ಅಂತ ಯಾವ ಸರ್ಕಾರ ಕರೆಯಿತು?

ಮೈತ್ರಿಕೂಟದ ಕಣ್ಣೀರು ಬೇಗ ಆರಿ ಬಾಂಬಾಯಿತು. ಅಕ್ಟೋಬರ್ 7ಕ್ಕೆ ಆಫ್ಘಾನಿಸ್ತಾನದ ಮೇಲೆ ದಾಳಿ ಶುರು. 20 ವರ್ಷ ಯುದ್ಧ, ಹತ್ತಾರು ಸಾವಿರ ಸಾಮಾನ್ಯ ಜನರ ಸಾವು, 2021ರ ಆಗಸ್ಟ್‌ನಲ್ಲಿ ಮತ್ತೆ ಅದೇ ತಾಲಿಬಾನ್. 2003ರಲ್ಲಿ ಇರಾಕ್. ಅಲ್ಲಿದೆ ಅಂದ ಮಹಾವಿನಾಶದ ಅಸ್ತ್ರಗಳು ಸಿಗಲೇ ಇಲ್ಲ. ಇಲ್ಲಿ ನಮ್ಮಲ್ಲಿ 2002ರಲ್ಲಿ ಪೋಟಾ ಕಾಯ್ದೆ ಬಂತು. ಜಾರ್ಖಂಡಿನಲ್ಲಿ ಅದರ ಬಲೆಗೆ ಬಿದ್ದವರು ಬಡ ಆದಿವಾಸಿಗಳು. ಅವರಲ್ಲಿ ಎಳೆಯ ಹುಡುಗರೂ ಇದ್ದರು. 2004ರಲ್ಲಿ ಆ ಕಾಯ್ದೆ ರದ್ದಾಯಿತು. ಕಳೆದುಹೋದ ವರ್ಷಗಳನ್ನು ಆ ಹುಡುಗರಿಗೆ ವಾಪಸ್ಸು ಕೊಟ್ಟೋರು ಯಾರು?

ಹಾಗಂತ ಕೈಕಟ್ಟಿ ಕೂರುವುದಲ್ಲ. ಇನ್ನೊಂದು ದಾರಿಯೂ ಅಲ್ಲೇ ಕಾಣಿಸಿತು. ಸೆಪ್ಟೆಂಬರ್ 14ರಂದು ಅಧ್ಯಕ್ಷರ ಕೈಗೆ ಯುದ್ಧದ ಅಧಿಕಾರ ಕೊಡುವ ಮಸೂದೆಗೆ ಅಮೆರಿಕದ ಕೆಳಮನೆಯಲ್ಲಿ 420 ಜನ ಹೂಂ ಅಂದರು. ಬೇಡ ಅಂದಿದ್ದು ಒಂದೇ ಒಂದು ಓಟು, ಕಪ್ಪು ಹೆಣ್ಣುಮಗಳು ಬಾರ್ಬರಾ ಲೀ ಅವರದು. ಗೋಪುರಗಳಲ್ಲಿ ತಮ್ಮವರನ್ನು ಕಳಕೊಂಡ ಕೆಲವರು 2002ರ ಜನವರಿಯಲ್ಲಿ ಕಾಬೂಲಿಗೆ ಹೋದರು. ಅಮೆರಿಕದ ಬಾಂಬಿಗೆ ಮಕ್ಕಳನ್ನು ಕಳಕೊಂಡವರ ಪಕ್ಕ ಕೂತು ಅತ್ತರು. ನಮ್ಮ ದುಃಖದ ಹೆಸರಲ್ಲಿ ಇನ್ನೊಬ್ಬರ ಮನೆ ಸುಡಬೇಡಿ ಅನ್ನೋದು ಅವರ ಬೇಡಿಕೆ. ಇರಾಕ್ ಯುದ್ಧ ಬೇಡ ಅಂತ 2003ರ ಫೆಬ್ರವರಿ 15ರಂದು ಲಂಡನ್, ರೋಮ್ ಬೀದಿಗಳಲ್ಲಿ ಲಕ್ಷಾಂತರ ಜನ ನಡೆದರು. ಆ ದೇಶಗಳ ಸರ್ಕಾರಗಳು ಯುದ್ಧದ ಪರ, ಜನ ಬೀದಿಯಲ್ಲಿ.

ಸರ್ಕಾರಗಳು ಕಟ್ಟೋದು ಮೈತ್ರಿಕೂಟ. ಕಾಬೂಲಿಗೆ ಹೋದವರು ತೋರಿಸಿದ್ದು ಮೈತ್ರಿ. ಬುದ್ಧ ಹೇಳಿದ್ದು, ಬಾಬಾಸಾಹೇಬರು ಪ್ರಜಾಪ್ರಭುತ್ವದ ಬೇರು ಅಂತ ತೋರಿಸಿದ್ದು ಈ ಮೈತ್ರಿಯನ್ನೇ. ಅದು ಪಾಸ್‌ಪೋರ್ಟ್ ನೋಡಲ್ಲ, ಜಾತಿ ಕೇಳಲ್ಲ.

ಗೆಳೆಯರೇ, ಎಲ್ಲಾದರೂ ಬಾಂಬು ಸಿಡಿದಾಗ ನಿಮ್ಮ ಹಾಸ್ಟೆಲಿನಲ್ಲಿ ಏನು ನಡೆಯುತ್ತೆ ನೋಡಿಕೊಳ್ಳಿ. ಪಕ್ಕದ ಕೋಣೆಯ ಮುಸ್ಲಿಂ ಗೆಳೆಯನ ಕಡೆ ಯಾರಾದರೂ ಕಣ್ಣು ಕೆಕ್ಕರಿಸಿದರೆ ಹೋಗಿ ಅವನ ಪಕ್ಕ ನಿಲ್ಲಿ. ಸತ್ತವರಿಗಾಗಿ ದುಃಖಪಡಿ, ಎಲ್ಲ ಸತ್ತವರಿಗಾಗಿ. ಆಮೇಲೆ ಲೆಕ್ಕ ಕೇಳಿ: ಯಾರ ಹೆಸರು ಪಟ್ಟಿಯಲ್ಲಿದೆ, ಯಾರದ್ದು ಬಿಟ್ಟುಹೋಯಿತು? ಬಿಟ್ಟುಹೋದ ಹೆಸರನ್ನು ಗಟ್ಟಿಯಾಗಿ ಓದುವುದು ನಮ್ಮ ಕೆಲಸ.

ಜೈ ಭೀಮ್.