ಹೋಗೋಕೆ ರೈಲೈತೆ, ಬರೋಕಿಲ್ಲ

ಬೆಂಗಳೂರಿನ ಲೋಕಲ್ ರೈಲುಗಳ ಮಾತು ಬಂದಾಗಲೆಲ್ಲ ಕಿವಿಗೆ ಬೀಳುವುದು ಒಂದೇ ಲೆಕ್ಕ: ಮೊದಲು ದಿನಕ್ಕೆ ಇಷ್ಟು ಓಡುತ್ತಿದ್ದವು, ಈಗ ಇಷ್ಟಾಗಿವೆ. ಯಲಹಂಕ, ಕೊಡಿಗೇಹಳ್ಳಿ, ಹೆಬ್ಬಾಳದಲ್ಲಿ ರೈಲು ಕಾಯುವವರಿಗೆ ಬೇಕಾದ ಲೆಕ್ಕ ಬೇರೆ. ಇದು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ? ಹತ್ತು ರೈಲು ಹೆಚ್ಚಿಸಿ ಎಲ್ಲವನ್ನೂ ಬೆಳಿಗ್ಗೆ, ಸಂಜೆಗೇ ತುರುಕಿದರೆ ಅಂಕಿ ದೊಡ್ಡದಾಗುತ್ತದೆ. ಮಧ್ಯಾಹ್ನ ಪ್ಲಾಟ್‌ಫಾರ್ಮಿನಲ್ಲಿ ನಿಂತವನ ಕಾಯುವಿಕೆ ಒಂದು ನಿಮಿಷವೂ ಕಡಿಮೆಯಾಗುವುದಿಲ್ಲ.

ಯಲಹಂಕ ನಿಲ್ದಾಣದಲ್ಲಿ ಒಮ್ಮೆ ಮಾತಿಗೆ ಸಿಕ್ಕವರು ದೊಡ್ಡಬಳ್ಳಾಪುರದ ಕಡೆಯ ಒಬ್ಬ ಸೆಕ್ಯುರಿಟಿ ಗಾರ್ಡ್. ಕೆಲಸ ಮಲ್ಲೇಶ್ವರದ ಅಪಾರ್ಟ್‌ಮೆಂಟೊಂದರಲ್ಲಿ, ಬೆಳಗಿನ ಶಿಫ್ಟು. ಅಂದು ರಜೆ ಹಾಕಿ ನೆಂಟರನ್ನು ರೈಲು ಹತ್ತಿಸಲು ಬಂದಿದ್ದರು. ನೀವು ದಿನಾ ರೈಲಿಗೇ ಹೋಗುತ್ತೀರಾ ಎಂದೆ. “ಇಲ್ಲ ಸಾರ್. ಹೋಗೋಕೇನೋ ರೈಲೈತೆ, ಬರೋಕಿಲ್ಲ. ಎರಡು ಗಂಟೆಗೆ ಡ್ಯೂಟಿ ಬಿಟ್ರೆ ನನ್ನ ಟೈಮಿಗೆ ಯಾವ್ದೂ ಸಿಗಲ್ಲ, ಸಂಜೆ ಗಂಟ ಕೂತ್ಕಳಕಾಗುತ್ತಾ? ಬಸ್ಸಿಗೊಂದು ರೈಲಿಗೊಂದು ಅಂತ ಎರಡು ಪಾಸ್ ಮಾಡಿಸೋ ಸಂಬಳ ನಂದಲ್ಲ. ಅದಕ್ಕೇ ರೈಲಿನ ಪಾಸ್ ಬಿಟ್ಬಿಟ್ಟೆ” ಎಂದರು.

ಈ ಮಾತನ್ನು ವೇಳಾಪಟ್ಟಿ ಬರೆಯುವವರು ಗಮನವಿಟ್ಟು ಕೇಳಬೇಕು. ಮಧ್ಯಾಹ್ನದ ರೈಲು ಇಲ್ಲದ್ದರಿಂದ ಇಲಾಖೆ ಕಳೆದುಕೊಂಡದ್ದು ಅವರ ಬೆಳಗಿನ ಪ್ರಯಾಣವನ್ನು. ಲೆಕ್ಕದ ಪುಸ್ತಕದಲ್ಲಿ ಮಾತ್ರ “ಬೆಳಗಿನ ಗಾಡಿಗೂ ಜನ ಕಡಿಮೆ” ಎಂದು ದಾಖಲಾಗುತ್ತದೆ. ಮರುವರ್ಷ ಅದನ್ನೇ ಮುಂದಿಟ್ಟು ಆ ಗಾಡಿಯನ್ನೂ ಕಡಿತ ಮಾಡಬಹುದು.

ಹೀಗಾದ ಉದಾಹರಣೆ ನಮ್ಮ ಉತ್ತರ ಬೆಂಗಳೂರಿನಲ್ಲೇ ಇದೆ. 2021ರ ಜನವರಿ 4ರಂದು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್ನಿಗೆ ರೈಲು ಶುರುವಾಯಿತು. ಟಿಕೆಟ್ 10-15 ರೂಪಾಯಿ, ಹಾಲ್ಟಿನಿಂದ ಟರ್ಮಿನಲ್ಲಿಗೆ ಬಸ್ಸು. ಇಷ್ಟು ಅಗ್ಗದ ದಾರಿ ಜನರಿಗೆ ಯಾಕೆ ಬೇಡವಾಯಿತು? ರೈಲುಗಳ ನಡುವೆ ಗಂಟೆಗಟ್ಟಲೆ ಬಿಡುವು, ಭಾನುವಾರ ಓಡಾಟವೇ ಇರಲಿಲ್ಲ. ವಿಮಾನ ನಿಲ್ದಾಣಕ್ಕೆ ಭಾನುವಾರದ ರಜೆ ಉಂಟೇ? ವಿಮಾನ ಹಿಡಿಯುವವರನ್ನು ಬಿಡಿ, ಅಲ್ಲಿ ದುಡಿಯುವ ಲೋಡರ್‌ಗಳು, ಸ್ವಚ್ಛತಾ ಸಿಬ್ಬಂದಿ, ಅಂಗಡಿಗಳ ಹುಡುಗರು ಮೂರು ಪಾಳಿಯಲ್ಲಿ ಬಂದುಹೋಗುತ್ತಾರೆ. ಅವರ ಪಾಳಿಗೆ ಹೊಂದದ ರೈಲು ಅವರದಾಗಲಿಲ್ಲ. ಅದೂ ಕೊರೊನಾ ಕಾಲ. ಅರ್ಧ ಊರು ಮನೆಯಿಂದಲೇ ಕೆಲಸ ಮಾಡುತ್ತಿತ್ತು. ಆ ದಿನಗಳ ಖಾಲಿ ಬೋಗಿ ತೋರಿಸಿ ಈ ಮಾರ್ಗಕ್ಕೆ ಬೇಡಿಕೆಯಿಲ್ಲ ಎನ್ನುವುದು ಅನ್ಯಾಯ. ಕೊರೊನಾದ ನಂತರ ಪ್ಯಾಸೆಂಜರ್ ಗಾಡಿಗಳ ಕನಿಷ್ಠ ದರ 10ರಿಂದ 30 ರೂಪಾಯಿಗೆ ಏರಿ, ಮತ್ತೆ 10ಕ್ಕೆ ಇಳಿದದ್ದು 2024ರ ಫೆಬ್ರುವರಿಯಲ್ಲಿ. ಅಷ್ಟರೊಳಗೆ ಎಷ್ಟು ಜನ ಸ್ಕೂಟರ್ ಕಂತು ಕಟ್ಟತೊಡಗಿದರೋ.

ರೈಲ್ವೆಯವರ ಕಷ್ಟ ಸುಳ್ಳಲ್ಲ. ಯಲಹಂಕದಿಂದ ಬೆಟ್ಟಹಲಸೂರು, ದೊಡ್ಡಜಾಲದ ಮೂಲಕ ದೇವನಹಳ್ಳಿಗೆ ಹೋಗುವುದು 1915ರಲ್ಲಿ ನ್ಯಾರೋಗೇಜ್ ಆಗಿ ಶುರುವಾದ ದಾರಿ. ಆಮೇಲೆ ಬ್ರಾಡ್‌ಗೇಜ್ ಬಂದರೂ ಅದು ಸಿಂಗಲ್ ಲೈನಾಗಿಯೇ ಉಳಿಯಿತು. ಎದುರಿನಿಂದ ಗಾಡಿ ಬಂದರೆ ಒಂದು ಕ್ರಾಸಿಂಗ್‌ಗೆ ನಿಲ್ಲಲೇಬೇಕು. ಹಗಲಿನ ಬಿಡುವಿನಲ್ಲೇ ಹಳಿ, ವಿದ್ಯುತ್ ತಂತಿಗಳ ದುರಸ್ತಿಗೆ ಗಾಡಿಗಳನ್ನು ತಡೆದು ಬ್ಲಾಕ್ ಕೊಡಬೇಕು. ಗೂಡ್ಸ್ ಗಾಡಿಗಳೂ ಅದೇ ಹೊತ್ತಿಗೆ ದಾರಿ ಕೇಳುತ್ತವೆ. ಆದರೆ ಯಶವಂತಪುರದಿಂದ ಲೊಟ್ಟೆಗೊಲ್ಲಹಳ್ಳಿ, ಕೊಡಿಗೇಹಳ್ಳಿ ದಾಟಿ ಯಲಹಂಕಕ್ಕೆ ಜೋಡಿ ಹಳಿ ಇದೆ, ವಿದ್ಯುತ್ ಇದೆ. ಅಲ್ಲಿ ಒಂದು ಹಳಿಗೆ ಬ್ಲಾಕ್ ಕೊಟ್ಟಾಗ ಇನ್ನೊಂದರ ಮೇಲೆ ಒಂದು ಮೆಮು (ವಿದ್ಯುತ್ ಲೋಕಲ್ ರೈಲು) ಅತ್ತಿಂದಿತ್ತ ಓಡಬಹುದು. ಬೆಳಗಿನ ದಟ್ಟಣೆ ಮುಗಿಸಿ ನಿಂತ ಗಾಡಿಯನ್ನೇ ಗಂಟೆಗೊಮ್ಮೆ ಮೆಜೆಸ್ಟಿಕ್‌ನಿಂದ ಯಲಹಂಕಕ್ಕೆ ಬಿಡಿ ಎಂಬುದು ಅತಿಯಾಸೆಯ ಬೇಡಿಕೆಯೇನಲ್ಲ.

ಗಂಟೆಗೊಮ್ಮೆ ಎಂದರೆ ಸಾಲದು, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ. ಸ್ವಿಟ್ಜರ್ಲೆಂಡ್ 1982ರಲ್ಲಿ ದೇಶಕ್ಕೆಲ್ಲ ಇಂಥ ವೇಳಾಪಟ್ಟಿ ತಂದಿತು. ಕೊಡಿಗೇಹಳ್ಳಿಗೆ ಹತ್ತೂ ಇಪ್ಪತ್ತಕ್ಕೆ, ಹನ್ನೊಂದೂ ಇಪ್ಪತ್ತಕ್ಕೆ, ಹನ್ನೆರಡೂ ಇಪ್ಪತ್ತಕ್ಕೆ ರೈಲು ಬರುವುದಾದರೆ ಓದು ಬಾರದ ಅಜ್ಜಿಗೂ ಅದು ಬಾಯಿಪಾಠ. ಬಿಎಂಟಿಸಿಯವರು ಫೀಡರ್ ಬಸ್ಸನ್ನು ಅದೇ ನಿಮಿಷಕ್ಕೆ ಹೊಂದಿಸಬಹುದು. ಆರ್.ಟಿ. ನಗರದವರಿಗೆ ಹತ್ತಿರವಾಗಬೇಕಾದ ಹೆಬ್ಬಾಳ ನಿಲ್ದಾಣಕ್ಕೆ ಇದು ಇನ್ನೂ ಮುಖ್ಯ. ಬಾಣಸವಾಡಿ ಮಾರ್ಗದ ಆ ನಿಲ್ದಾಣ ಇರುವುದು ಊರೆಲ್ಲ ಶಪಿಸುವ ಮೇಲ್ಸೇತುವೆಯ ಪಕ್ಕದಲ್ಲೇ. ಮೇಲೆ ವಾಹನಗಳು ತೆವಳುತ್ತಿರುತ್ತವೆ, ಕೆಳಗೆ ಹಳಿ ಸುಮ್ಮನೆ ಮಲಗಿರುತ್ತದೆ.

“ಉಪನಗರ ರೈಲು ಯೋಜನೆ ಬರಲಿ, ಆಗ ಎಲ್ಲ ಸರಿಹೋಗುತ್ತದೆ” ಎನ್ನುವವರಿದ್ದಾರೆ. 148 ಕಿಲೋಮೀಟರಿನ ಆ ಯೋಜನೆ ಬೇಕೇ ಬೇಕು. ಮೆಜೆಸ್ಟಿಕ್–ದೇವನಹಳ್ಳಿಯ ‘ಸಂಪಿಗೆ’ಯೂ, ಹೆಬ್ಬಾಳ ಹಾದುಹೋಗುವ ‘ಮಲ್ಲಿಗೆ’ಯೂ ಅದರಲ್ಲೇ ಇವೆ. 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದಾಗ ಕೇಳಿಬಂದ ಗಡುವು 40 ತಿಂಗಳು. 2025ರ ಅಕ್ಟೋಬರಿಗೆ ಅದು ಮುಗಿದಾಗ ನಾಲ್ಕು ಮಾರ್ಗಗಳಲ್ಲಿ ಒಂದರಲ್ಲೂ ರೈಲು ಓಡಿರಲಿಲ್ಲ. ಹೊಸ ಹಳಿ ಬರುವವರೆಗೆ ಇರುವ ಹಳಿಯನ್ನು ಖಾಲಿ ಬಿಡಲು ಕಾರಣವಿಲ್ಲ.

ನೈರುತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ನನ್ನ ಮನವಿ ಇಷ್ಟೇ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮೆಜೆಸ್ಟಿಕ್–ಯಲಹಂಕದ ನಡುವೆ ಗಂಟೆಗೊಂದು ಮೆಮು ಓಡಿಸಿ, ಭಾನುವಾರವೂ ಓಡಿಸಿ. ಮೂರೇ ತಿಂಗಳಿಗೆ ಫಲ ಎಣಿಸಬೇಡಿ, ಕನಿಷ್ಠ ಒಂದು ವರ್ಷ ಕೊಡಿ. ಜನ ಪಾಸ್ ಮಾಡಿಸುವುದು ರೈಲು ನಾಳೆಯೂ ಬರುತ್ತದೆ ಎಂದು ನಂಬಿಕೆ ಬಂದ ಮೇಲೆಯೇ. ಈ ಭಾಗದ ಸಂಸದರು, ಶಾಸಕರು ಹೊಸ ರೈಲಿಗೆ ಹಸಿರು ಬಾವುಟ ತೋರಿಸಲು ಬರುವಾಗ ಅದು ವಾಪಸು ಎಷ್ಟು ಗಂಟೆಗೆ ಎಂದು ಅಲ್ಲೇ ಕೇಳಲಿ.