15 ವರ್ಷ ತುಂಬಿದ ಡೀಸೆಲ್ ಗಾಡಿ: ಮನೆಯಲ್ಲಿ ರಿಪೇರಿ ಓಕೆ, ಮಾಡಿಫೈ ಮಾಡಿದ್ರೆ ಆರ್‌ಸಿಗೇ ಕುತ್ತು

ರಾಯಚೂರು: ‘ಎಂಜಿನ್ ಇನ್ನೂ ಗಟ್ಟಿ ಅದ, ಯಾಕ ಮಾರಬೇಕು?’ ಹಳೇ ಇಂಡಿಕಾ, ಸುಮೊ, ಬೊಲೆರೊ, ಸ್ವಿಫ್ಟ್ ಡೀಸೆಲ್ ಇಟ್ಟುಕೊಂಡವರು ಜಿಲ್ಲೆಯಲ್ಲಿ ಸಾಮಾನ್ಯವಾಗಿ ಹೇಳುವ ಮಾತಿದು. ಮಾತಿನಲ್ಲಿ ಹುರುಳಿದೆ. ಆದರೆ ಗಾಡಿ ರಸ್ತೆ ಮೇಲೆ ಉಳಿಯೋದು ಬರೀ ಎಂಜಿನ್ ಮೇಲೆ ಅಲ್ಲ, ಆರ್‌ಸಿ ಮೇಲೆ. ಆ ಆರ್‌ಸಿಯ ಅವಧಿ ಈಗ ಸಾಲುಸಾಲಾಗಿ ಮುಗಿಯುತ್ತಿದೆ.

ಲೆಕ್ಕ ಸರಳ. ಸ್ವಂತ ಬಳಕೆಯ ಕಾರಿನ ನೋಂದಣಿಗೆ 15 ವರ್ಷ ಆಯಸ್ಸು. ಡೀಸೆಲ್ ಕಾರಿನ ಹುಚ್ಚು ಜೋರಾಗಿದ್ದದ್ದು 2010ರಿಂದ 2013ರ ಸುಮಾರಿಗೆ. ಆಗ ಡೀಸೆಲ್ ದರ ಸರ್ಕಾರದ ಹಿಡಿತದಲ್ಲಿತ್ತು, ಪೆಟ್ರೋಲ್‌ಗಿಂತ ಬಹಳ ಅಗ್ಗ. 2014ರ ಅಕ್ಟೋಬರ್‌ನಲ್ಲಿ ಆ ಹಿಡಿತ ತೆಗೆದ ಮೇಲೆ ಅಂತರ ಕಡಿಮೆಯಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ಮಾರುತಿ ಕಂಪನಿ ಡೀಸೆಲ್ ಕಾರನ್ನೇ ಕೈಬಿಟ್ಟಿತು. ಆ ಭರಾಟೆಯಲ್ಲಿ ಕೊಂಡ ಕೆಎ-36 ನಂಬರಿನ ಗಾಡಿಗಳಿಗೆ 2025ರಿಂದ 2028ರ ಒಳಗೆ 15 ವರ್ಷ ತುಂಬುತ್ತದೆ.

ದೆಹಲಿ ಸುದ್ದಿ ಕೇಳಿ ಗಾಬರಿ ಬೇಡ

‘ಹತ್ತು ವರ್ಷದ ಡೀಸೆಲ್ ಗಾಡಿ ಬಂದ್’ ಅನ್ನೋ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ಆ ನಿಯಮ ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶಕ್ಕೆ ಮಾತ್ರ ಸಂಬಂಧಿಸಿದ್ದು. ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿದಿದ್ದೂ ಆ ಪ್ರದೇಶಕ್ಕಾಗಿಯೇ. ರಾಯಚೂರಿನಲ್ಲಿ ಖಾಸಗಿ ಡೀಸೆಲ್ ಕಾರಿಗೆ ಹತ್ತು ವರ್ಷದ ಮಿತಿ ಇಲ್ಲ. ಈ ಸುದ್ದಿಗೆ ಹೆದರಿ ಒಳ್ಳೆ ಗಾಡಿಯನ್ನು ಗುಜರಿ ರೇಟಿಗೆ ಕೊಡಬೇಕಾಗಿಲ್ಲ.

ಇಲ್ಲಿನ ನಿಯಮ ಬೇರೆ: 15 ವರ್ಷ ತುಂಬಿದ ಮೇಲೆ ಗಾಡಿ ತೋರಿಸಿ, ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಇದರ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿದೆ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು 10,000 ರೂಪಾಯಿ ಮಾಡಿತು. ಹಸಿರು ತೆರಿಗೆ ಇದರ ಮೇಲೆ. ಅವಧಿ ಮುಗಿದು ಸುಮ್ಮನಿದ್ದರೆ ತಿಂಗಳಿಗೆ 500 ರೂಪಾಯಿ ವಿಳಂಬ ಶುಲ್ಕ. ‘ನೋಡೋಣ, ಮುಂದಿನ ವರ್ಷ ಮಾಡ್ಸಿದ್ರಾಯ್ತು’ ಅಂತ ಎರಡು ವರ್ಷ ತಳ್ಳಿದರೆ ವಿಳಂಬ ಶುಲ್ಕವೇ 12,000 ರೂಪಾಯಿ. ನವೀಕರಣ ಶುಲ್ಕ ಸೇರಿ 17,000. ಬಹಳ ಹಳೆಯ ಗಾಡಿಗಳಿಗೆ ಇದು ಗಾಡಿಯ ಬೆಲೆಯ ದೊಡ್ಡ ಪಾಲು.

ಮಾನ್ವಿ, ದೇವದುರ್ಗದವರಿಗೆ ಇದರ ಜೊತೆ ಇನ್ನೊಂದು ಖರ್ಚು. ಗಾಡಿ ತಪಾಸಣೆಗೆ ಅಂತ ರಾಯಚೂರಿಗೆ ಬಂದರೆ ಅಂಗಡಿ ಒಂದು ದಿನ ಬಂದ್. ತಪಾಸಣೆಯಲ್ಲಿ ಫೇಲಾದರೆ ಇನ್ನೊಂದು ದಿನ. ಫೇಲಾಗದಂತೆ ಗಾಡಿ ತಯಾರು ಮಾಡೋದು ಅದಕ್ಕೇ ಮುಖ್ಯ.

ಮನೆಯಲ್ಲೇ ಆಗುವ ಕೆಲಸ ಯಾವುದು

ಹಳೇ ಡೀಸೆಲ್ ಗಾಡಿಯ ಗುಣ ಅಂದರೆ ಅರ್ಧ ಕೆಲಸ ಮನೆ ಅಂಗಳದಲ್ಲೇ ಆಗುತ್ತದೆ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸೋದು, ಡೀಸೆಲ್ ಫಿಲ್ಟರ್‌ನಲ್ಲಿ ನಿಂತ ನೀರು ಬಿಡೋದು, ಬ್ಯಾಟರಿ ಟರ್ಮಿನಲ್ ಒರೆಸೋದು, ಬಲ್ಬ್, ವೈಪರ್ ಹಾಕೋದು. ಇದಕ್ಕೆ ಯಾವ ಅನುಮತಿಯೂ ಬೇಕಿಲ್ಲ, ಯಾವ ಕಾಯ್ದೆಯೂ ಅಡ್ಡಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 18ಕ್ಕೆ ನಿಂತಿದ್ದರಿಂದ, ಮೊದಲು ಶೇ 28ರಲ್ಲಿದ್ದ ಸಾಮಾನಿನ ಬಿಲ್ಲೂ ಸ್ವಲ್ಪ ಇಳಿಯಬೇಕು. ಅಂಗಡಿಯಲ್ಲಿ ಬಿಲ್ ಕೇಳಿ ಪಡೆಯೋದು ಒಳ್ಳೇದು.

ನಮ್ಮ ಕಡೆ ಎರಡು ವಿಷಯಕ್ಕೆ ಹೆಚ್ಚು ಗಮನ ಬೇಕು: ಬಿಸಿಲು ಮತ್ತು ದೂಳು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ರೇಡಿಯೇಟರ್‌ಗೆ ಬರೀ ಬೋರ್ ನೀರು ಹಾಕಿದರೆ ಒಳಗೆ ಉಪ್ಪು ಕಟ್ಟಿ ಎಂಜಿನ್ ಹೀಟ್ ಆಗುತ್ತದೆ. ಕೂಲಂಟ್ ಖರ್ಚು ಸಣ್ಣದು, ಹೆಡ್ ಗ್ಯಾಸ್ಕೆಟ್ ಖರ್ಚು ದೊಡ್ಡದು. ಎರೆಮಣ್ಣಿನ ಹೊಲದ ದಾರಿ, ಭತ್ತದ ಹೊಟ್ಟು, ಹತ್ತಿ ಅರಳೆ ಇರುವ ಕಡೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಗಾಳಿ ಸಾಲದಿದ್ದರೆ ಡೀಸೆಲ್ ಪೂರ್ತಿ ಉರಿಯದೆ ಕರಿ ಹೊಗೆ ಬರುತ್ತದೆ. ‘ಪಂಪ್ ಹೋಗೇದ’ ಅಂತ ಸಾವಿರಾರು ರೂಪಾಯಿ ಸುರಿಯುವ ಮೊದಲು ಫಿಲ್ಟರ್ ಬಿಚ್ಚಿ ನೋಡಿದರೆ ಎಷ್ಟೋ ಸಲ ಅಲ್ಲೇ ಉತ್ತರ ಸಿಗುತ್ತದೆ.

ಮನೆಯಲ್ಲಿ ಕೈ ಹಚ್ಚಬಾರದ ಕೆಲಸಗಳೂ ಇವೆ. ಹಳೇ ಇಂಡಿಕಾದಂಥ ಗಾಡಿಯಲ್ಲಿ ಡೀಸೆಲ್ ಲೈನ್‌ನ ಗಾಳಿ ತೆಗೆಯೋದು ಅನುಭವ ಇದ್ದವರಿಗೆ ಕಷ್ಟವಲ್ಲ. ಆದರೆ ಸ್ವಿಫ್ಟ್ ಡೀಸೆಲ್‌ನಂಥ ಕಾಮನ್ ರೈಲ್ ಎಂಜಿನ್‌ನಲ್ಲಿ ಪೈಪಿನ ಒತ್ತಡ ಸಾವಿರ ಬಾರ್ ಮೀರುತ್ತದೆ. ಚಾಲೂ ಇದ್ದಾಗ ನಟ್ ಸಡಿಲಿಸಿದರೆ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ಹೋಗುತ್ತದೆ. ಬ್ರೇಕ್, ಸ್ಟೇರಿಂಗ್, ಟೈಮಿಂಗ್ ಬೆಲ್ಟ್, ಇಂಜೆಕ್ಟರ್ ಕೆಲಸ ಮಿಸ್ತ್ರಿಗೇ ಬಿಡಬೇಕು. ಗಾಡಿ ಕೆಳಗೆ ಮಲಗುವಾಗ ಬರೀ ಜಾಕ್ ನಂಬಬಾರದು. ಎರೆಮಣ್ಣಲ್ಲಿ ಜಾಕ್ ಕುಸಿಯುತ್ತದೆ. ಗಟ್ಟಿ ನೆಲ, ಸ್ಟ್ಯಾಂಡ್, ಗಾಲಿಗೆ ಕಲ್ಲು ಮೂರೂ ಇರಲೇಬೇಕು. ತೆಗೆದ ಹಳೇ ಆಯಿಲ್ ಚರಂಡಿಗೆ, ಕಾಲುವೆಗೆ ಸುರಿಯದೆ ಡಬ್ಬಿಯಲ್ಲಿ ಗ್ಯಾರೇಜಿಗೆ ಕೊಡಬೇಕು.

ರಿಪೇರಿ ಬೇರೆ, ಮಾಡಿಫೈ ಬೇರೆ

ತಪ್ಪೋದು ಇಲ್ಲೇ. ಕೆಟ್ಟಿದ್ದನ್ನು ಮೊದಲಿನಂತೆ ಮಾಡೋದು ರಿಪೇರಿ. ಕಂಪನಿ ಮಾಡಿದ್ದನ್ನೇ ಬದಲಿಸೋದು ಮಾಡಿಫಿಕೇಷನ್. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ಸೇರಿಸಲಾಗಿದೆ.

ಜಿಲ್ಲೆಯ ಗಾಡಿಗಳಿಗೆ ಹೊಂದಿಸಿ ಹೇಳುವುದಾದರೆ ಮುಖ್ಯವಾದವು ಇವು:

ಪಿಕಪ್‌ಗಾಗಿ ಪಂಪ್ ಸ್ಕ್ರೂ ತಿರುಗಿಸೋದು. ಡೀಸೆಲ್ ಹೆಚ್ಚು ಹೋಗುತ್ತದೆ, ನಾಲ್ಕು ದಿನ ಗಾಡಿ ಜಿಗಿಯುತ್ತದೆ, ಆಮೇಲೆ ಹೊಗೆ ಮತ್ತು ಹೀಟ್. ಬಿಎಸ್-4ಕ್ಕಿಂತ ಹಳೆಯ ಡೀಸೆಲ್ ಗಾಡಿಯ ಹೊಗೆ ಮಿತಿ 65 ಹಾರ್ಟ್‌ರಿಜ್ ಯೂನಿಟ್, ಬಿಎಸ್-4ಕ್ಕೆ 50. ದೇಶದಾದ್ಯಂತ ಬಿಎಸ್-4 ಬಂದದ್ದು 2017ರ ಏಪ್ರಿಲ್‌ನಲ್ಲಿ. ಆದ್ದರಿಂದ ಇಲ್ಲಿನ 2010-13ರ ಗಾಡಿಗಳು ಬಹುತೇಕ ಬಿಎಸ್-3. ಅವಕ್ಕೆ ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆ ಪತ್ರ ಬೇಕು. ಹೊಗೆ ನಿಯಮ ಮುರಿದರೆ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ.

ಗುಜರಿಯಿಂದ ಎಂಜಿನ್ ತಂದು ಕೂರಿಸೋದು. ಆರ್‌ಟಿಒ ಅನುಮತಿ ಇಲ್ಲದೆ, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬರೆಸದೆ ಹೋದರೆ ತಪಾಸಣೆ ದಿನ ನಂಬರ್ ತಾಳೆಯಾಗುವುದಿಲ್ಲ. ಆ ಎಂಜಿನ್ ಕಳವಿನದ್ದಾಗಿದ್ದರೆ ಪೊಲೀಸ್ ಠಾಣೆ ಮೆಟ್ಟಿಲೂ ಹತ್ತಬೇಕಾದೀತು.

ಹಿಂದಿನ ಸೀಟು ಕಿತ್ತು ಕಬ್ಬಿಣದ ರ‍್ಯಾಕ್ ಬೆಸುಗೆ ಹಾಕೋದು, ಇಲ್ಲವೇ ಹೆಚ್ಚುವರಿ ಸೀಟು ಕೂರಿಸೋದು. ಕಿರಾಣಿ ಸಾಮಾನು ತರೋಕೆ, ಬಾಡಿಗೆ ಓಡಿಸೋಕೆ ಅನುಕೂಲ ನಿಜ. ಆದರೆ ಆರ್‌ಸಿಯಲ್ಲಿರುವ ಸೀಟಿನ ಲೆಕ್ಕವೇ ಬದಲಾಗುತ್ತದೆ. ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಓಡಿಸೋದು ಇನ್ನೊಂದು ತಪ್ಪು.

ಮುಂದೆ ಕಬ್ಬಿಣದ ಗಾರ್ಡ್, ಕಣ್ಣು ಕುಕ್ಕುವ ಲೈಟ್. ಗಾರ್ಡ್ ಹಾಕಿದವರ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ರಾತ್ರಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಓಡಾಡುವ ರಸ್ತೆಯಲ್ಲಿ ಎದುರಿನವರ ಕಣ್ಣು ಕತ್ತಲಾದರೆ ಏನಾಗುತ್ತದೆ ಅನ್ನೋದನ್ನು ಬಿಡಿಸಿ ಹೇಳಬೇಕಿಲ್ಲ.

ದಂಡಕ್ಕಿಂತ ದೊಡ್ಡ ಹೊಡೆತ

ಐದು ಸಾವಿರ ದಂಡ ಹೇಗೋ ಕಟ್ಟಬಹುದು. ನಿಜವಾದ ಅಪಾಯ ಇನ್ಶೂರೆನ್ಸ್‌ನಲ್ಲಿದೆ. ನೋಂದಣಿ ಅವಧಿ ಮುಗಿದ ಗಾಡಿ ಅಪಘಾತವಾದರೆ, ಪಾಲಿಸಿ ಚಾಲ್ತಿಯಲ್ಲಿದ್ದರೂ ಗಾಡಿ ನಷ್ಟದ ಪರಿಹಾರ ನಿರಾಕರಿಸಬಹುದು. 2014ರಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಪ್ರಕರಣದಲ್ಲಿ ವಿಮಾ ಕಂಪನಿಯ ಪರ ತೀರ್ಪು ಕೊಟ್ಟಿದೆ. ಹೇಳದೆ ಮಾಡಿಸಿದ ಬದಲಾವಣೆಯೂ ಕಂಪನಿಗೆ ತಕರಾರು ತೆಗೆಯಲು ದಾರಿ. ‘ಹೆಂಗೂ ಹಳೇ ಗಾಡಿ’ ಅಂತ ಇನ್ಶೂರೆನ್ಸ್ ಕಟ್ಟೋದನ್ನೇ ಬಿಟ್ಟಿದ್ದರೆ ಕಥೆ ಇನ್ನೂ ಕೆಟ್ಟದ್ದು. ಎದುರಿನವರಿಗೆ ಪೆಟ್ಟಾದರೆ, ಜೀವ ಹೋದರೆ, ನ್ಯಾಯಾಲಯ ಹೇಳಿದ ಪರಿಹಾರ ಮಾಲೀಕನೇ ಕಟ್ಟಬೇಕು. ಎರಡು ಲಕ್ಷ ಬಾಳದ ಗಾಡಿಯ ಸಲುವಾಗಿ ಹೊಲ, ಅಂಗಡಿ ಮಾರುವ ಸ್ಥಿತಿ ಬರಬಹುದು.

ತೆಲಂಗಾಣ, ಆಂಧ್ರದ ಗಡಿ ಹತ್ತಿರವಿರುವುದರಿಂದ ಅಲ್ಲಿನ ಹಳೇ ಗಾಡಿ ಅಗ್ಗಕ್ಕೆ ಸಿಗುತ್ತದೆ ಅಂತ ತರುವವರಿಗೂ ಒಂದು ಮಾತು. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇದ್ದರೆ ಇಲ್ಲಿನ ನಂಬರ್ ಪಡೆಯಲೇಬೇಕು. ಎನ್‌ಒಸಿ, ತೆರಿಗೆ ಲೆಕ್ಕ ಹಾಕದೆ ಮುಂಗಡ ಕೊಟ್ಟರೆ ಅಗ್ಗದ ಗಾಡಿಯೇ ದುಬಾರಿಯಾದೀತು.

ಈಗ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ನೋಂದಣಿ, ಇನ್ಶೂರೆನ್ಸ್, ಹೊಗೆ ಪತ್ರ ಮೂರರ ಕೊನೇ ದಿನಾಂಕ ಕಾಣುತ್ತದೆ. ನೋಂದಣಿ ಮುಗಿಯುವ 60 ದಿನ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಅರ್ಜಿಗೂ ಮೊದಲು ಹೆಚ್ಚುವರಿ ಗಾರ್ಡ್, ಲೈಟ್ ಬಿಚ್ಚಿಸಿ, ಸೀಟು ಮೊದಲಿನಂತೆ ಕೂರಿಸಿ, ಫಿಲ್ಟರ್ ಬದಲಿಸಿ, ಹೊಗೆ ತಪಾಸಣೆ ಮಾಡಿಸಿಕೊಂಡರೆ ರಾಯಚೂರಿಗೆ ಎರಡನೇ ಸಲ ಬರೋದು ತಪ್ಪುತ್ತದೆ. ನವೀಕರಣ, ರಿಪೇರಿ, ಇನ್ಶೂರೆನ್ಸ್ ಮೂರೂ ಸೇರಿದ ಖರ್ಚು ಗಾಡಿಯ ಬೆಲೆಯ ಅರ್ಧ ದಾಟುತ್ತಿದ್ದರೆ ಮಾತ್ರ ಮಾರುವ ಯೋಚನೆ ಮಾಡಬಹುದು. ಇಲ್ಲದಿದ್ದರೆ ಗಟ್ಟಿ ಎಂಜಿನ್‌ಗೆ ಇನ್ನೂ ಐದು ವರ್ಷ ಕೆಲಸ ಇದೆ.