ಗ್ರಾಫಿಕ್ಸ್ ಕಾರ್ಡ್ ಸಮರ: ಕುರೆಕುಪ್ಪದ ಲೆಕ್ಕವೇ ಬೇರೆ

ಕುರೆಕುಪ್ಪ: 2025ರ ಮಾರ್ಚ್ 5ರಂದು ಎನ್‌ವಿಡಿಯಾ ಕಂಪನಿ ತನ್ನ ಆರ್‌ಟಿಎಕ್ಸ್ 5070 ಗ್ರಾಫಿಕ್ಸ್ ಕಾರ್ಡನ್ನು ಮಾರುಕಟ್ಟೆಗೆ ಇಳಿಸಿತು. ಮರುದಿನವೇ ಪ್ರತಿಸ್ಪರ್ಧಿ ಎಎಂಡಿ, ಆರ್‌ಎಕ್ಸ್ 9070 ಹಾಗೂ 9070 ಎಕ್ಸ್‌ಟಿ ಎಂಬ ಜೋಡಿಯನ್ನು ಮುಂದಿಟ್ಟಿತು. ಯಾವುದು ಹೆಚ್ಚು ವೇಗದ್ದು, ಯಾವುದು ಕೊಟ್ಟ ಹಣಕ್ಕೆ ತಕ್ಕದ್ದು ಎಂದು ಅಂದು ಎದ್ದ ವಾಗ್ವಾದ ಕಂಪ್ಯೂಟರ್ ಪ್ರಿಯರ ವಲಯದಲ್ಲಿ ಇಂದಿಗೂ ತಣ್ಣಗಾಗಿಲ್ಲ.

ಈ ಜಗಳಕ್ಕೂ ಸಂಡೂರು ತಾಲ್ಲೂಕಿನ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲೇ ಇರುವ ಕುರೆಕುಪ್ಪಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ಪರದೆಯ ಮೇಲಿನ ಚಿತ್ರವನ್ನು ರಚಿಸುವ ಈ ಫಲಕ ಈಗ ಆಟದ ಹುಚ್ಚಿನವರ ಸೊತ್ತಾಗಿ ಮಾತ್ರ ಉಳಿದಿಲ್ಲ. ಮದುವೆ ವಿಡಿಯೊ ಸಂಕಲಿಸುವ ಸ್ಟುಡಿಯೊಗೂ ಇದೇ ಬೇಕು, ಮೂರು ಆಯಾಮದ ವಿನ್ಯಾಸ ಕಲಿಯುವ ಎಂಜಿನಿಯರಿಂಗ್ ವಿದ್ಯಾರ್ಥಿಗೂ ಇದೇ ಬೇಕು. ಗುತ್ತಿಗೆ ಕೆಲಸಗಾರನ ಮನೆಯಲ್ಲಿ ಇದಕ್ಕಾಗಿ ಅರ್ಧ ಲಕ್ಷ ರೂಪಾಯಿ ಎತ್ತಿಡುವುದೆಂದರೆ ಹಲವು ತಿಂಗಳ ಉಳಿತಾಯ ಕರಗಿತೆಂದೇ ಅರ್ಥ. ಅಮೆರಿಕದ ಗ್ರಾಹಕನನ್ನು ಮುಂದಿಟ್ಟುಕೊಂಡು ಬರೆದ ತೀರ್ಪನ್ನು ನಂಬಿ ಇಲ್ಲಿ ಹಣ ಕಟ್ಟಿದರೆ ನಷ್ಟ ಖಚಿತ.

ಮೊದಲು ವೇಗದ ಮಾತು. 2025ರ ಜನವರಿಯಲ್ಲಿ ಲಾಸ್ ವೇಗಸ್‌ನ ವೇದಿಕೆಯಲ್ಲಿ ಎನ್‌ವಿಡಿಯಾ ಮುಖ್ಯಸ್ಥ ಜೆನ್ಸನ್ ಹ್ವಾಂಗ್, 549 ಡಾಲರಿನ 5070 ಕಾರ್ಡು ಹಿಂದಿನ ಪೀಳಿಗೆಯ 1,599 ಡಾಲರಿನ 4090ಕ್ಕೆ ಸಮನಾದ ಸಾಮರ್ಥ್ಯ ನೀಡುತ್ತದೆ ಎಂದು ಘೋಷಿಸಿದರು. ಈ ಮಾತಿನಲ್ಲಿ ಅಡಗಿದ್ದ ಜಾಣತನ ಬಯಲಾಗಲು ಬಹಳ ದಿನ ಬೇಕಾಗಲಿಲ್ಲ. ಹೊಸ ಕಾರ್ಡು ತಾನು ನಿಜವಾಗಿ ರಚಿಸಿದ ಒಂದು ಚಿತ್ರಕ್ಕೆ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಊಹಿಸಿದ ಇನ್ನೂ ಮೂರು ಚಿತ್ರಗಳನ್ನು ಸೇರಿಸಬಲ್ಲದು. ಆ ಮೂರನ್ನೂ ಎಣಿಕೆಗೆ ಹಿಡಿದರೆ ಮಾತ್ರ ಸಮಬಲ. ಅವನ್ನು ಬದಿಗಿರಿಸಿದರೆ 5070 ಎಂಬುದು ಹೆಚ್ಚು ಕಡಿಮೆ ಹಿಂದಿನ 4070 ಸೂಪರ್‌ನ ಆಸುಪಾಸಿನ ಕಾರ್ಡು. ಊಹಿತ ಚಿತ್ರಗಳಿಂದ ಪರದೆ ನಯವಾಗಿ ಕಾಣುತ್ತದೆ ನಿಜ. ಆದರೆ ಗುಂಡಿ ಒತ್ತಿದ್ದಕ್ಕೂ ಪರದೆ ಪ್ರತಿಕ್ರಿಯಿಸುವುದಕ್ಕೂ ನಡುವಿನ ಅಂತರ ಅದರಿಂದ ತಗ್ಗುವುದಿಲ್ಲ. ವಿಡಿಯೊ ಸಂಕಲನಕ್ಕಂತೂ ಈ ಲೆಕ್ಕ ಯಾವ ಉಪಯೋಗಕ್ಕೂ ಬಾರದು.

ಎಎಂಡಿಯ ವಾದ ನೇರವಾಗಿತ್ತು. 9070ಕ್ಕೂ ಅದೇ 549 ಡಾಲರ್, ಆದರೆ ಎದುರಾಳಿಯ 12 ಜಿಬಿ ಮೆಮೊರಿಗೆ ಪ್ರತಿಯಾಗಿ 16 ಜಿಬಿ. 599 ಡಾಲರಿನ 9070 ಎಕ್ಸ್‌ಟಿ, ಸಾಮಾನ್ಯ ಆಟಗಳಲ್ಲಿ 749 ಡಾಲರಿನ 5070 ಟಿಐಗೆ ತೀರಾ ಸಮೀಪ ನಿಲ್ಲುತ್ತದೆ ಎಂಬುದು ಸ್ವತಂತ್ರ ಪರೀಕ್ಷೆಗಳಲ್ಲೂ ಕಂಡುಬಂತು. ಬೆಳಕಿನ ಕಿರಣಗಳ ಹಾದಿಯನ್ನು ಪೂರ್ತಿ ಲೆಕ್ಕಹಾಕುವ ಭಾರೀ ದೃಶ್ಯಗಳಲ್ಲಿ ಎನ್‌ವಿಡಿಯಾ ಇನ್ನೂ ಮುಂದೆ. ಹೀಗಿದ್ದೂ ಎಎಂಡಿಯ ಘೋಷಿತ ಬೆಲೆ ಕಾಗದದ ಮೇಲೇ ಉಳಿಯಿತು. ಮೊದಲ ಕಂತು ಖಾಲಿಯಾಗುತ್ತಿದ್ದಂತೆ 599 ಡಾಲರಿಗೆ ಕಾರ್ಡು ಸಿಗುವುದೇ ದುರ್ಲಭವಾಯಿತು.

ಡಾಲರ್ ಬೆಲೆಯನ್ನು ರೂಪಾಯಿಗೆ ಗುಣಿಸಿ ಸುಮ್ಮನಾಗುವಂತೆಯೂ ಇಲ್ಲ. 549 ಡಾಲರ್ ಎಂದರೆ ಆಗಿನ ವಿನಿಮಯ ದರದಲ್ಲಿ ಸುಮಾರು 47 ಸಾವಿರ ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ 55 ಸಾವಿರ ದಾಟುತ್ತದೆ. ಭಾರತಕ್ಕೆಂದು ಎನ್‌ವಿಡಿಯಾ ಪ್ರಕಟಿಸಿದ ಆರಂಭಿಕ ದರ 59 ಸಾವಿರ. 2025ರ ಡಿಸೆಂಬರ್‌ನಲ್ಲಿ ಡಾಲರ್ ಒಂದಕ್ಕೆ 90 ರೂಪಾಯಿಯ ಗಡಿ ದಾಟಿದ ಮೇಲೆ ಈ ಲೆಕ್ಕ ಇನ್ನಷ್ಟು ಬಿಗಡಾಯಿಸಿತು. ವಿಪರ್ಯಾಸವೆಂದರೆ, ಎಎಂಡಿಯ ಅತಿ ದೊಡ್ಡ ವಿನ್ಯಾಸ ಕೇಂದ್ರ 2023ರ ನವೆಂಬರ್‌ನಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿಯೇ. ಬುದ್ಧಿ ನಮ್ಮ ರಾಜ್ಯದ್ದಾದರೂ ಬೆಲೆ ಮಾತ್ರ ಡಾಲರಿನದು.

ಒಂದೇ ಹೆಸರು, ಎರಡು ಸರಕು

ನಿಜವಾಗಿ ಎಚ್ಚರ ಬೇಕಿರುವುದು ಇದಕ್ಕಿಂತ ಕೆಳಗಿನ ದರ್ಜೆಯಲ್ಲಿ. ಸಣ್ಣ ಊರುಗಳ ಬಹುಪಾಲು ಖರೀದಿ ನಡೆಯುವುದೂ ಅಲ್ಲಿಯೇ. 2025ರ ಏಪ್ರಿಲ್‌ನಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ 8 ಜಿಬಿಗೆ 379 ಡಾಲರ್, 16 ಜಿಬಿಗೆ 429 ಡಾಲರ್. ಜೂನ್‌ನಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಕ್ರಮವಾಗಿ 299 ಮತ್ತು 349 ಡಾಲರ್. ಡಬ್ಬಿಯ ಮೇಲಿನ ಹೆಸರು ಒಂದೇ, ಒಳಗಿನ ಸರಕು ಬೇರೆ. ಈ ಚಾಳಿಯಲ್ಲಿ ಎರಡೂ ಕಂಪನಿಗಳು ಒಂದೇ ತಕ್ಕಡಿಯಲ್ಲಿ ತೂಗುತ್ತವೆ. 5060 ಟಿಐನ 8 ಜಿಬಿ ಮಾದರಿಯನ್ನು ಬಿಡುಗಡೆಗೆ ಮುನ್ನ ವಿಮರ್ಶಕರ ಕೈಗೆ ಕೊಡದೇ ಹೋದದ್ದು ಅನುಮಾನಗಳಿಗೆ ಎಡೆಮಾಡಿಕೊಟ್ಟಿತು.

8 ಜಿಬಿ ಸಾಲದಾದಾಗ ಆಗುವುದೇನು? ಕಾರ್ಡು ತನ್ನಲ್ಲಿ ಹಿಡಿಸದ ದತ್ತಾಂಶವನ್ನು ಕಂಪ್ಯೂಟರಿನ ಮುಖ್ಯ ಮೆಮೊರಿಯಲ್ಲಿ ಇರಿಸಿ, ಬೇಕೆಂದಾಗ ಮದರ್‌ಬೋರ್ಡಿನ ಸಂಪರ್ಕ ಮಾರ್ಗದ ಮೂಲಕ ತರಿಸಿಕೊಳ್ಳುತ್ತದೆ. 5060 ಟಿಐಗೆ ಆ ಮಾರ್ಗದ ಎಂಟು ಪಥಗಳು ಮಾತ್ರ. 9060 ಎಕ್ಸ್‌ಟಿಗೆ ಹದಿನಾರು. ಹೊಸ ಬೋರ್ಡಿನಲ್ಲಿ ಇದು ಅಷ್ಟಾಗಿ ಗೋಚರಿಸದು. ಏಳೆಂಟು ವರ್ಷ ಹಳೆಯ, ಪಿಸಿಐಇ 3.0 ಕಾಲದ ಬೋರ್ಡಿನಲ್ಲಿ ಆಟ ತಡವರಿಸಿ ಮುಗ್ಗರಿಸತೊಡಗುತ್ತದೆ. ವಿಮರ್ಶಕರು ಪರೀಕ್ಷೆ ನಡೆಸುವುದು ಅತ್ಯಾಧುನಿಕ ಯಂತ್ರದಲ್ಲಿ. ಇಲ್ಲಿನ ಗ್ರಾಹಕ ಹೊಸ ಕಾರ್ಡು ಸಿಕ್ಕಿಸುವುದು ಮನೆಯ ಹಳೆಯ ಪೆಟ್ಟಿಗೆಗೆ. ಆದ್ದರಿಂದ ಐದಾರು ವರ್ಷ ಬಾಳಬೇಕೆಂಬವರಿಗೆ 8 ಜಿಬಿ ಕಾರ್ಡಿನ ಉಳಿತಾಯ ಉಳಿತಾಯವೇ ಅಲ್ಲ. ಆಟವೇ ಉದ್ದೇಶವಾದರೆ, ಘೋಷಿತ ದರದ ಲೆಕ್ಕದಲ್ಲಿ 16 ಜಿಬಿಯ 9060 ಎಕ್ಸ್‌ಟಿಯನ್ನು ಸರಿಗಟ್ಟುವ ಕಾರ್ಡು ಈ ದರ್ಜೆಯಲ್ಲಿ ಎನ್‌ವಿಡಿಯಾ ಬಳಿ ಇಲ್ಲ. 2024ರ ಡಿಸೆಂಬರ್‌ನಲ್ಲಿ ಇಂಟೆಲ್ ತಂದ ಆರ್ಕ್ ಬಿ580, 249 ಡಾಲರಿಗೆ 12 ಜಿಬಿ ಕೊಟ್ಟು ಆಸೆ ಹುಟ್ಟಿಸಿತಾದರೂ, ಹಳೆಯ ಪ್ರೊಸೆಸರ್‌ಗಳ ಜೊತೆ ಸೊರಗುವ ಅದರ ಗುಣ ಇಂಥ ಊರುಗಳ ಗ್ರಾಹಕನಿಗೇ ಹೊಡೆತ.

ಸ್ಟುಡಿಯೊದವರ ಮಾತು ಬೇರೆ. ಮೂರು ಆಯಾಮದ ಚಿತ್ರಣ, ಕೃತಕ ಬುದ್ಧಿಮತ್ತೆಯ ಪ್ರಯೋಗ, ಹಲವು ಸಂಕಲನ ತಂತ್ರಾಂಶಗಳು ಎನ್‌ವಿಡಿಯಾದ ಕುಡಾ ವ್ಯವಸ್ಥೆಗೆ ದೀರ್ಘಕಾಲದಿಂದ ಒಗ್ಗಿಕೊಂಡಿವೆ. ದುಡಿಮೆಯ ಯಂತ್ರಕ್ಕೆ 80 ಡಾಲರ್ ಹೆಚ್ಚು ತೆತ್ತು 16 ಜಿಬಿಯ 5060 ಟಿಐ ಕೊಂಡರೆ ಅದು ದಂಡವಲ್ಲ. ಕೇವಲ ಆಟೊಕ್ಯಾಡ್‌ನಲ್ಲಿ ನಕ್ಷೆ ಬಿಡಿಸುವವರಿಗೆ ಇವೆರಡರ ಅಗತ್ಯವೂ ಅಷ್ಟಿಲ್ಲ. ಅಲ್ಲಿ ಕೆಲಸ ನಿಂತಿರುವುದು ಬಹುಮಟ್ಟಿಗೆ ಪ್ರೊಸೆಸರ್ ಮೇಲೆ.

ಬಿಸಿಲು, ಧೂಳು, ಕರೆಂಟು

ಬಳ್ಳಾರಿ ಸೀಮೆಯ ಬೇಸಿಗೆ ಯಾವ ವಿಮರ್ಶೆಯಲ್ಲೂ ಬರುವುದಿಲ್ಲ. ಹವಾನಿಯಂತ್ರಿತ ಪ್ರಯೋಗಾಲಯದಲ್ಲಿ 70 ಡಿಗ್ರಿಯಲ್ಲಿ ತೆಪ್ಪಗಿದ್ದ ಕಾರ್ಡು, ಹೊರಗೆ 40 ಡಿಗ್ರಿ ಇರುವಾಗ ಶೀಟಿನ ಮನೆಯೊಳಗೆ ಅದೇ ಶಾಂತಿಯಲ್ಲಿ ಇರಲಾರದು. ಅದಿರಿನ ಸೀಮೆಯ ಕೆಂಧೂಳು ಶಾಖ ಹೊರಹಾಕುವ ರೆಕ್ಕೆಗಳ ನಡುವೆ ಕುಳಿತರೆ ಫ್ಯಾನು ಅರಚುತ್ತದೆ, ವೇಗ ಇಳಿಯುತ್ತದೆ. ಇಲ್ಲಿ ಕಡಿಮೆ ವಿದ್ಯುತ್ ಕುಡಿಯುವುದೇ ಒಂದು ಸದ್ಗುಣ. 5070ಕ್ಕೆ 250 ವಾಟ್, 9070ಕ್ಕೆ 220 ವಾಟ್. ಜನ ಹೊಗಳುವ 9070 ಎಕ್ಸ್‌ಟಿಗೆ 304 ವಾಟ್. 16 ಜಿಬಿಯ 9060 ಎಕ್ಸ್‌ಟಿಗೆ 160 ವಾಟ್ ಸಾಕು.

ಭಾರೀ ಕಾರ್ಡಿರುವ ಕಂಪ್ಯೂಟರ್ ಒಟ್ಟಾರೆ 400 ವಾಟ್ ಎಳೆದರೆ, ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ 60 ಯೂನಿಟ್. ಗೃಹಜ್ಯೋತಿ ಯೋಜನೆಯಡಿ ಉಚಿತ ವಿದ್ಯುತ್ ನಿಗದಿಯಾಗಿರುವುದು ಆಯಾ ಮನೆಯ 2022-23ರ ಸರಾಸರಿ ಬಳಕೆಯ ಆಧಾರದ ಮೇಲೆ. ಅದರಾಚೆ ಬಳಸಿದ್ದಕ್ಕೆ ಹಣ ತೆರಬೇಕು. ಒಟ್ಟು ಬಳಕೆ 200 ಯೂನಿಟ್ ಮೀರಿದ ತಿಂಗಳು ಪೂರ್ತಿ ಬಿಲ್ಲೇ ಬರುತ್ತದೆ. ಮಗನ ಆಟದ ಕಾರ್ಡು ಅಪ್ಪನ ಜೆಸ್ಕಾಂ ಬಿಲ್ಲಿನಲ್ಲಿ ಪ್ರತ್ಯಕ್ಷವಾಗುವುದು ಹೀಗೆ.

ಬೆಲೆ ಇಳಿಯಲಿ ಎಂದು ಕಾಯೋಣವೆಂದರೆ ಅದಕ್ಕೂ ಪರಿಸ್ಥಿತಿ ಪೂರಕವಾಗಿಲ್ಲ. 2025ರ ಜನವರಿಗೆ ಮುಗಿದ ಹಣಕಾಸು ವರ್ಷದಲ್ಲಿ ಎನ್‌ವಿಡಿಯಾದ ಆದಾಯ ಸುಮಾರು 130 ಶತಕೋಟಿ ಡಾಲರ್. ಆಟದ ಕಾರ್ಡುಗಳ ಪಾಲು 11 ಶತಕೋಟಿಯಷ್ಟೇ. ಉಳಿದ ಬಹುಪಾಲು ಡೇಟಾ ಕೇಂದ್ರಗಳದ್ದು. ಮೆಮೊರಿ ಚಿಪ್ ತಯಾರಕರೂ ಅದೇ ಕಡೆ ವಾಲಿದ್ದರಿಂದ 2025ರ ಕೊನೆಯಲ್ಲಿ ಮೆಮೊರಿ ಬೆಲೆ ಗಗನಕ್ಕೇರಿತು. ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯವಹಾರವನ್ನೇ ಕೈಬಿಡುವುದಾಗಿ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಇದರ ಬಿಸಿ ಮೊದಲು ತಟ್ಟುವುದು 16 ಜಿಬಿ ಕಾರ್ಡುಗಳಿಗೇ.

ಹಾಗಾಗಿ ಅನೇಕರ ಕಣ್ಣು ಹಳೆಯ ಕಾರ್ಡುಗಳತ್ತ ಹೊರಳಿದೆ. ಗಣಿಗಾರಿಕೆ ಎಂದರೆ ಸಂಡೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಆದರೆ ಕಾರ್ಡಿಗೂ ಗಣಿಗಾರಿಕೆಯ ಚರಿತ್ರೆಯೊಂದಿದೆ. ಈಥರ್ ಎಂಬ ಡಿಜಿಟಲ್ ನಾಣ್ಯ ಗಳಿಸಲು ಹಗಲಿರುಳು ದುಡಿಸಿದ ಕಾರ್ಡುಗಳು, 2022ರ ಸೆಪ್ಟೆಂಬರ್‌ನಲ್ಲಿ ಆ ಪದ್ಧತಿ ನಿಂತ ಮೇಲೆ ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದವು. ಅಂಥ ಕಾರ್ಡು ಕೊಳ್ಳುವ ಮುನ್ನ ವಾರಂಟಿಯ ಅವಧಿ, ಕ್ರಮಸಂಖ್ಯೆಯ ಚೀಟಿ ಮತ್ತು ಮೂಲ ಬಿಲ್ಲು, ಈ ಮೂರನ್ನೂ ನೋಡಿಕೊಳ್ಳಬೇಕಾದದ್ದು ಅಗತ್ಯ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಲ್ಲಿಲ್ಲದೆ ತಂದ ಕಾರ್ಡು ಕೆಟ್ಟರೆ, ಮುನ್ನೂರು ಕಿಲೋಮೀಟರ್ ದೂರದ ಆ ಅಂಗಡಿಯ ಬಾಗಿಲಿಗೇ ಮತ್ತೆ ಹೋಗಬೇಕಾಗುತ್ತದೆ.